ಭದ್ರಾವತಿಯ ದಾಂಡಿಗನೂ ಸರಾಸರಿಯ ಲೆಕ್ಕವೂ

ಗುಂಡಪ್ಪ ವಿಶ್ವನಾಥರ ಹೆಸರೆತ್ತಿದರೆ ನಮ್ಮ ಸೀಮೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಐವತ್ತು ದಾಟಿದವರು, “ಅಂಥ ಸ್ಕ್ವೇರ್ ಕಟ್ ಹೊಡೆದವನು ಹಿಂದೆ ಇಲ್ಲ, ಮುಂದೆ ಇಲ್ಲ” ಎನ್ನುತ್ತಾರೆ. ನಮ್ಮ ವಯಸ್ಸಿನವರು ಕೈಯಲ್ಲಿನ ಫೋನನ್ನು ತಿರುವಿ, “ಸರಾಸರಿ 41.93. ಗಾವಸ್ಕರದು 51.12. ಮುಗಿಯಿತಲ್ಲ?” ಎನ್ನುತ್ತಾರೆ. ಮೊದಲಿನವರ ಮಾತಿಗೆ ಪುರಾವೆಯಿಲ್ಲ, ಎರಡನೆಯವರ ಪುರಾವೆಗೆ ವಿಚಾರವಿಲ್ಲ. ಈ ಎರಡರ ನಡುವೆ ಒಂದು ದಾರಿ ಇದ್ದೀತೇ ಎಂದು ನೋಡುವುದೇ ಈ ಲೇಖನದ ಉದ್ದೇಶ. ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರದ ಜೊತೆಗೆ ಕಲಿತ ಅಲ್ಪಸ್ವಲ್ಪ ಸಂಖ್ಯಾಶಾಸ್ತ್ರವೇ ನನ್ನ ಬಂಡವಾಳ. ಕ್ರಿಕೆಟ್ಟನ್ನು ಬಲ್ಲ ಅಧ್ಯಾಪಕರೂ ಅದನ್ನು ಕಂಡರಾಗದ ಗೆಳೆಯರೂ ಸ್ವಲ್ಪ ತಾಳ್ಮೆ ತೋರಬೇಕೆಂದು ಕೋರುತ್ತೇನೆ.

ಮೊದಲಿಗೆ ಸರಾಸರಿ ಎಂದರೇನು? ದಾಂಡಿಗನು ತನ್ನ ಜೀವಮಾನದಲ್ಲಿ ಹೊಡೆದ ಒಟ್ಟು ರನ್ನುಗಳನ್ನು ಅವನು ಔಟಾದ ಸಲಗಳಿಂದ ಭಾಗಿಸಿದರೆ ಬರುವ ಅಂಕಿ. ಆಡಿದ ಸಲಗಳಿಂದಲ್ಲ, ಔಟಾದ ಸಲಗಳಿಂದ. ಈ ಸಣ್ಣ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಸರಾಸರಿ ಏನು ಹೇಳುತ್ತದೆ, ಏನನ್ನು ಮುಚ್ಚುತ್ತದೆ ಎಂಬುದಕ್ಕೆ ಗದ್ದೆಯ ಉದಾಹರಣೆ ಸಾಕು. ಹದಡಿಯ ಸುತ್ತಿನಲ್ಲಿ ಭದ್ರಾ ನಾಲೆಯ ನೀರಿಗೆ ಭತ್ತ ಬೆಳೆಯುವ ಒಬ್ಬ ರೈತನಿಗೆ ಒಂದು ವರ್ಷ ಎಕರೆಗೆ 24 ಚೀಲ, ಮರುವರ್ಷ 22 ಚೀಲ, ನಾಲೆಗೆ ನೀರು ಬಿಡದ ಮೂರನೆಯ ವರ್ಷ 5 ಚೀಲ ಬಂತೆನ್ನೋಣ. ಸರಾಸರಿ 17 ಚೀಲ. ಆದರೆ 17 ಚೀಲ ಬಂದ ವರ್ಷ ಯಾವುದು? ಒಂದೂ ಇಲ್ಲ. ಬ್ಯಾಂಕಿನವರ ಕಾಗದದಲ್ಲಿ 17 ಎಂದು ಬರೆದಿರುತ್ತದೆ. ಸಾಲ ತೀರಿಸುವ ನನ್ನ ತಂದೆಯಂಥವರು ಮಾತ್ರ ಆ 5ನ್ನೇ ನೆನಪಿಟ್ಟಿರುತ್ತಾರೆ.

ಇನ್ನು ನಮ್ಮ ದಾಂಡಿಗನ ವಿಚಾರ. ಗುಂಡಪ್ಪ ರಂಗನಾಥ ವಿಶ್ವನಾಥರು ಹುಟ್ಟಿದ್ದು 1949ರ ಫೆಬ್ರವರಿ 12ರಂದು, ಭದ್ರಾವತಿಯಲ್ಲಿ. ನಮ್ಮೂರಿನಿಂದ ಚನ್ನಗಿರಿಯ ದಾರಿ ಹಿಡಿದರೆ ಆ ಊರು ಸಿಗುತ್ತದೆ. ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಗಳಿಂದ ಹೆಸರಾದ ಊರು. ಸೋಜಿಗವೆಂದರೆ ಅದೇ 1949ರ ಮಾರ್ಚ್ 21ರಂದು ಗಯಾನಾದಲ್ಲಿ ಭಾರತ ಮೂಲದ ಆಲ್ವಿನ್ ಕಾಳೀಚರಣ್, ಜುಲೈ 10ರಂದು ಮುಂಬಯಿಯಲ್ಲಿ ಸುನಿಲ್ ಗಾವಸ್ಕರ್ ಹುಟ್ಟಿದರು. ಮೂವರೂ ಗಿಡ್ಡ ಆಳುಗಳು. ಹೋಲಿಕೆಗೆ ಇದಕ್ಕಿಂತ ಒಳ್ಳೆಯ ಜೋಡಣೆ ಬೇಕೆಂದರೂ ಸಿಕ್ಕುವುದಿಲ್ಲ. ಅವರಲ್ಲಿ ಗಾವಸ್ಕರರು ಮುಂದೆ ವಿಶ್ವನಾಥರ ಭಾವಮೈದುನರಾದರು. ಅವರ ತಂಗಿ ಕವಿತಾ ಅವರನ್ನು ವಿಶ್ವನಾಥರು ಮದುವೆಯಾದರು. ಹೀಗಾಗಿ ಈ ಹೋಲಿಕೆ ಒಂದು ಮನೆಯೊಳಗಿನ ಹೋಲಿಕೆಯೂ ಹೌದು!

1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಎದುರು ಮೈಸೂರಿನ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲೇ ವಿಶ್ವನಾಥರು 230 ರನ್ನು ಹೊಡೆದರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ಎದುರು ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅದರಲ್ಲಿ 25 ಬೌಂಡರಿಗಳು. ಆಗ ಭಾರತದಲ್ಲಿ ಒಂದು ಅಪಶಕುನದ ಮಾತಿತ್ತು. ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ ಭಾರತೀಯರು ಅಲ್ಲಿಯವರೆಗೆ ಐವರು: 1933ರಲ್ಲಿ ಲಾಲಾ ಅಮರನಾಥ್, 1952ರಲ್ಲಿ ದೀಪಕ್ ಶೋಧನ್, 1955ರಲ್ಲಿ ಕೃಪಾಲ್ ಸಿಂಗ್, 1959ರಲ್ಲಿ ಅಬ್ಬಾಸ್ ಅಲಿ ಬೇಗ್, 1964ರಲ್ಲಿ ಹನುಮಂತ್ ಸಿಂಗ್. ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ಒಲಿಯಲಿಲ್ಲ. ವಿಶ್ವನಾಥರೂ ಮೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. 1973ರಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು 113 ಹೊಡೆದಾಗ ಆ ಮಾತು ಬಿದ್ದುಹೋಯಿತು. ಆ ಮೇಲೆ ಇನ್ನೂ ಹನ್ನೆರಡು ಶತಕಗಳು ಬಂದವು.

ಈಗ ಲೆಕ್ಕಕ್ಕೆ ಬರೋಣ. ಹೋಲಿಕೆಗಾಗಿ ನಾನು ಆರಿಸಿಕೊಂಡವರು ಐವರು. ಮೂವರು ಭಾರತೀಯರು: ಗಾವಸ್ಕರ್, ದಿಲೀಪ್ ವೆಂಗ್‌ಸರ್ಕಾರ್, ಮೊಹಿಂದರ್ ಅಮರನಾಥ್. ಇಬ್ಬರು ಹೊರಗಿನವರು: ಕಾಳೀಚರಣ್ ಮತ್ತು ಆಸ್ಟ್ರೇಲಿಯದ ಇಯಾನ್ ಚಾಪೆಲ್. ಎಲ್ಲರೂ ವಿಶ್ವನಾಥರ ಜೊತೆಗೋ ಎದುರಿಗೋ ಆಡಿದವರು. ಬ್ರಾಡ್ಮನ್ನರ 99.94ನ್ನಾಗಲಿ ನಮ್ಮ ರಾಹುಲ್ ದ್ರಾವಿಡರ 13,288 ರನ್ನುಗಳನ್ನಾಗಲಿ ನಾನು ಇಲ್ಲಿ ತಂದಿಲ್ಲ. ಕಾಲ ಬೇರೆ, ಪಿಚ್ಚು ಬೇರೆ, ತಲೆಗೆ ಹಾಕುವ ಶಿರಸ್ತ್ರಾಣವೇ ಬೇರೆ. ರಾಗಿಯನ್ನೂ ಅಡಿಕೆಯನ್ನೂ ಒಂದೇ ಕೊಳಗದಲ್ಲಿ ಅಳೆಯುವುದು ನ್ಯಾಯವಲ್ಲ.

ವಿಶ್ವನಾಥ್: 91 ಟೆಸ್ಟ್, 155 ಇನ್ನಿಂಗ್ಸ್, 10 ಸಲ ಅಜೇಯ, 6,080 ರನ್ನು, 14 ಶತಕ, 35 ಅರ್ಧಶತಕ, ಸರಾಸರಿ 41.93.
ಗಾವಸ್ಕರ್: 125 ಟೆಸ್ಟ್, 214 ಇನ್ನಿಂಗ್ಸ್, 16 ಸಲ ಅಜೇಯ, 10,122 ರನ್ನು, 34 ಶತಕ, 45 ಅರ್ಧಶತಕ, ಸರಾಸರಿ 51.12.
ವೆಂಗ್‌ಸರ್ಕಾರ್: 116 ಟೆಸ್ಟ್, 185 ಇನ್ನಿಂಗ್ಸ್, 22 ಸಲ ಅಜೇಯ, 6,868 ರನ್ನು, 17 ಶತಕ, 35 ಅರ್ಧಶತಕ, ಸರಾಸರಿ 42.13.
ಮೊಹಿಂದರ್ ಅಮರನಾಥ್: 69 ಟೆಸ್ಟ್, 113 ಇನ್ನಿಂಗ್ಸ್, 10 ಸಲ ಅಜೇಯ, 4,378 ರನ್ನು, 11 ಶತಕ, 24 ಅರ್ಧಶತಕ, ಸರಾಸರಿ 42.50.
ಕಾಳೀಚರಣ್: 66 ಟೆಸ್ಟ್, 109 ಇನ್ನಿಂಗ್ಸ್, 10 ಸಲ ಅಜೇಯ, 4,399 ರನ್ನು, 12 ಶತಕ, 21 ಅರ್ಧಶತಕ, ಸರಾಸರಿ 44.43.
ಇಯಾನ್ ಚಾಪೆಲ್: 75 ಟೆಸ್ಟ್, 136 ಇನ್ನಿಂಗ್ಸ್, 10 ಸಲ ಅಜೇಯ, 5,345 ರನ್ನು, 14 ಶತಕ, 26 ಅರ್ಧಶತಕ, ಸರಾಸರಿ 42.42.

ಸರಾಸರಿಯೊಂದನ್ನೇ ನೋಡಿದರೆ ಆರು ಜನರಲ್ಲಿ ನಮ್ಮವರು ಕೊನೆಯವರು. ಹದಡಿಯ ಮಂಡಕ್ಕಿ-ಮೆಣಸಿನಕಾಯಿ ಅಂಗಡಿಯ ಮುಂದೆ ನನ್ನ ಗೆಳೆಯರು ಹೇಳುವುದು ಇದನ್ನೇ. ಆದರೆ ಸ್ವಲ್ಪ ತಡೆಯಬೇಕು. ಔಟಾದ ಸಲಗಳಿಂದ ಭಾಗಿಸುತ್ತಾರೆ ಎಂದೆನಲ್ಲ? ವೆಂಗ್‌ಸರ್ಕಾರರು 185ರಲ್ಲಿ 22 ಸಲ ಅಜೇಯರು, ಎಂದರೆ ನೂರಕ್ಕೆ ಹನ್ನೆರಡು ಸಲ. ವಿಶ್ವನಾಥರು ನೂರಕ್ಕೆ ಆರೂವರೆ ಸಲ ಮಾತ್ರ. ಔಟಾಗದೆ ಉಳಿದ ಸಲಗಳು ಭಾಜಕದಿಂದ ಕಳಚಿಹೋಗುವುದರಿಂದ ಸರಾಸರಿ ಉಬ್ಬುತ್ತದೆ. ಅದರ ಬದಲು ಒಂದು ಸಲ ಕ್ರೀಸಿಗೆ ಬಂದರೆ ಎಷ್ಟು ರನ್ನು ಎಂದು ಸರಳವಾಗಿ ಕೇಳಿ ನೋಡಿ. ಗಾವಸ್ಕರ್ 47.30, ಕಾಳೀಚರಣ್ 40.36, ಚಾಪೆಲ್ 39.30, ವಿಶ್ವನಾಥ್ 39.23, ಅಮರನಾಥ್ 38.74, ವೆಂಗ್‌ಸರ್ಕಾರ್ 37.12. ಕೊನೆಯಲ್ಲಿದ್ದವರು ನಾಲ್ಕನೆಯವರಾದರು, ಮೂರನೆಯವರಿಗೂ ಅವರಿಗೂ ಅಂತರ ಕೂದಲೆಳೆಯಷ್ಟು. ಆಟಗಾರ ಅದೇ ಆಳು, ಹೊಡೆದ ರನ್ನು ಅವೇ, ಬದಲಾದದ್ದು ನಾವು ಭಾಗಿಸುವ ರೀತಿ ಮಾತ್ರ. (ಇದೂ ಪೂರ್ತಿ ನ್ಯಾಯವಲ್ಲವೆಂದು ಗಣಿತದ ಅಧ್ಯಾಪಕರು ಹೇಳಬಹುದು. ಅಜೇಯನಾಗಿ ಉಳಿದವನು ಇನ್ನೂ ಹೊಡೆಯುತ್ತಿದ್ದನೇನೋ! ಒಪ್ಪುತ್ತೇನೆ. ಎರಡು ಅಳತೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂಬುದಷ್ಟೇ ನನ್ನ ವಾದ.)

ಇದಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ. ಅದು ನನ್ನ ಕಣ್ಣಿಗೆ ಬಿದ್ದಾಗ ಆ ರಾತ್ರಿ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಶತಕವನ್ನು ಎರಡು ಐವತ್ತುಗಳೆಂದು ಒಡೆಯೋಣ. ಸೊನ್ನೆಯಿಂದ ಐವತ್ತರವರೆಗೆ ಒಂದು ಮಜಲು, ಐವತ್ತರಿಂದ ನೂರರವರೆಗೆ ಇನ್ನೊಂದು. ನೂರು ಸಲ ಆಡಲು ಬಂದರೆ ಮೊದಲ ಮಜಲನ್ನು ಎಷ್ಟು ಸಲ ಮುಟ್ಟುತ್ತಾರೆ? ಗಾವಸ್ಕರ್ 37 ಸಲ. ಅವರ ನಂತರ ಯಾರು? ವಿಶ್ವನಾಥ್, 32 ಸಲ. ಆಮೇಲೆ ಅಮರನಾಥ್ 31, ಕಾಳೀಚರಣ್ 30, ಚಾಪೆಲ್ 29, ವೆಂಗ್‌ಸರ್ಕಾರ್ 28. ಸರಾಸರಿಯಲ್ಲಿ ಕೊನೆಯವರು ಇಲ್ಲಿ ಎರಡನೆಯವರು!

ಐವತ್ತು ಮುಟ್ಟಿದ ಮೇಲೆ ನೂರು ಮುಟ್ಟುವುದು ಎಷ್ಟು ಸಲ? ನೂರು ಐವತ್ತುಗಳಲ್ಲಿ ಗಾವಸ್ಕರ್ 43ನ್ನು ನೂರಕ್ಕೆ ಮುಟ್ಟಿಸಿದರು. ಕಾಳೀಚರಣ್ 36, ಚಾಪೆಲ್ 35, ವೆಂಗ್‌ಸರ್ಕಾರ್ 33, ಅಮರನಾಥ್ 31. ವಿಶ್ವನಾಥ್ 29. ಮತ್ತೆ ಕೊನೆ.

ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಗುಟ್ಟು ಬಿಡಿಸಿಕೊಳ್ಳುತ್ತದೆ. ಉಳಿದ ಐವರಿಗೂ ಎರಡನೆಯ ಮಜಲು ಮೊದಲನೆಯದಕ್ಕಿಂತ ಸುಲಭ, ಅಥವಾ ಕೊನೆಯ ಪಕ್ಷ ಅಷ್ಟೇ. ಕಣ್ಣು ಪಿಚ್ಚಿಗೆ ಹೊಂದಿಕೊಂಡಿರುತ್ತದೆ, ಬೌಲರು ದಣಿದಿರುತ್ತಾರೆ, ಹಾಗಾಗುವುದು ಸಹಜವೇ. ವಿಶ್ವನಾಥರೊಬ್ಬರಲ್ಲೇ ಅದು ತಿರುಗುಮುರುಗು: 32 ಇದ್ದದ್ದು 29ಕ್ಕೆ ಇಳಿಯುತ್ತದೆ. ಎಲ್ಲರಿಗೂ ಕಷ್ಟವಾದ ಏರನ್ನು ಇವರು ಸರಾಗವಾಗಿ ಹತ್ತುತ್ತಾರೆ, ಎಲ್ಲರಿಗೂ ಸಮತಟ್ಟಾದ ದಾರಿಯಲ್ಲಿ ಇವರು ಎಡವುತ್ತಾರೆ.

ಹೀಗೇಕೆ? ನನ್ನ ಸೋದರಮಾವ 1975ರಲ್ಲಿ ಹದಿನೈದರ ಹುಡುಗ. ಟ್ರಾನ್ಸಿಸ್ಟರಿನಲ್ಲಿ ಬರುತ್ತಿದ್ದ ಇಂಗ್ಲಿಷ್ ವೀಕ್ಷಕ ವಿವರಣೆಯಲ್ಲಿ ‘ವಿಶ್ವನಾಥ್’, ‘ಫೋರ್’ ಎಂಬ ಎರಡೇ ಪದಗಳನ್ನು ಹಿಡಿದುಕೊಂಡು ಆಟ ತಿಳಿದವರು. ಈ ಲೆಕ್ಕವನ್ನು ಅವರ ಮುಂದಿಟ್ಟೆ.

“ಇದಕ್ಕೆ ಲೆಕ್ಕ ಯಾಕೋ? ಅವನಿಗೆ ನೂರು ಬೇಕಾಗಿರಲಿಲ್ಲ. ಚೆಂಡು ಬೇಕಾಗಿತ್ತು” ಎಂದರು.

“ಮಾವ, ಹಾಗಾದರೆ ಹದಿನಾಲ್ಕು ಶತಕ ಹೇಗೆ ಬಂದವು?” ಎಂದೆ.

“ಬೇಕಾದಾಗ ಹೊಡೆದ” ಎಂದು ಎದ್ದುಹೋದರು.

ಮಾವನ ಮಾತಿನ ಮೊದಲ ಭಾಗಕ್ಕೆ ನನ್ನಲ್ಲಿ ಪ್ರಮಾಣವಿಲ್ಲ. ಮನಸ್ಸಿನೊಳಗಿನದು ಅಂಕಿಪುಸ್ತಕಕ್ಕೆ ಸಿಕ್ಕುವುದಿಲ್ಲ. ಎರಡನೆಯ ಭಾಗವನ್ನು ಮಾತ್ರ ಪರೀಕ್ಷಿಸಬಹುದು. ಹದಿನಾಲ್ಕು ಶತಕಗಳ ಪಂದ್ಯಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಭಾರತ ಗೆದ್ದದ್ದು 4: 1975ರ ಕಲ್ಕತ್ತಾ (139), 1976ರ ಪೋರ್ಟ್ ಆಫ್ ಸ್ಪೇನ್ (112), 1979ರ ಮದರಾಸು (124), 1981ರ ಮೆಲ್ಬೋರ್ನ್ (114). ಉಳಿದ 10 ಡ್ರಾ. ಸೋತದ್ದು ಒಂದೂ ಇಲ್ಲ. ಗಾವಸ್ಕರರ 34 ಶತಕಗಳಲ್ಲಿ ಗೆಲುವಿಗೆ ಸಂದದ್ದು 6, ಸೋಲಿಗೆ 6, ಡ್ರಾಗೆ 22. ಶತಕಕ್ಕೆ ಗೆಲುವಿನ ಪ್ರಮಾಣ ಹಿಡಿದರೆ ವಿಶ್ವನಾಥರದು ನೂರಕ್ಕೆ 29, ಗಾವಸ್ಕರರದು 18.

ಇಲ್ಲಿ ಚಪ್ಪಾಳೆ ತಟ್ಟುವ ಮುನ್ನ ಎಚ್ಚರಿಕೆ ಬೇಕು. ಹದಿನಾಲ್ಕು ಎಂಬುದು ಚಿಕ್ಕ ಸಂಖ್ಯೆ, ಒಂದು ಗೆಲುವು ಆಚೀಚೆಯಾದರೆ ಪ್ರಮಾಣವೇ ಪಲ್ಲಟವಾಗುತ್ತದೆ. ಗಾವಸ್ಕರರು ಹೊಸ ಚೆಂಡಿನ ಎದುರು ಆರಂಭದಲ್ಲಿ ಇಳಿಯುವವರು. ಕೆಳಗಿನವರೆಲ್ಲ ಕುಸಿದ ಮೇಲೆ ಅವರ ಶತಕ ಸೋಲಿನ ಲೆಕ್ಕಕ್ಕೆ ಹೋದರೆ ಅದು ಅವರ ತಪ್ಪಲ್ಲ. ಪಂದ್ಯ ಗೆಲ್ಲಿಸಲು ಇಪ್ಪತ್ತು ವಿಕೆಟ್ ಬೇಕು, ಅದು ಪ್ರಸನ್ನ, ಚಂದ್ರಶೇಖರ್, ಬೇಡಿ, ಕಪಿಲರ ಕೆಲಸ. ಆದ್ದರಿಂದ ‘ಬೇಕಾದಾಗ ಹೊಡೆದ’ ಎಂಬುದನ್ನು ಗೆಲುವಿನಿಂದಲ್ಲ, ಕಷ್ಟದಿಂದ ಅಳೆಯಬೇಕು. ಅದಕ್ಕೊಂದು ಸುಲಭದ ಅಳತೆಯುಂಟು: ತಂಡದ ಒಟ್ಟು ಮೊತ್ತದಲ್ಲಿ ಒಬ್ಬನ ಪಾಲೆಷ್ಟು?

ಮೆಲ್ಬೋರ್ನಿನಲ್ಲಿ ಭಾರತದ ಮೊದಲ ಇನ್ನಿಂಗ್ಸ್ 237, ಅದರಲ್ಲಿ ವಿಶ್ವನಾಥರದು 114. ನೂರಕ್ಕೆ 48. ಆಸ್ಟ್ರೇಲಿಯ ಕೊನೆಗೆ 83ಕ್ಕೆ ಕುಸಿದು ಭಾರತ 59 ರನ್ನುಗಳಿಂದ ಗೆದ್ದಿತು. ಎಲ್ಲರೂ ಕಪಿಲದೇವರ 5 ವಿಕೆಟ್ಟನ್ನು ನೆನೆಯುತ್ತಾರೆ, ಆ 114 ಇಲ್ಲದಿದ್ದರೆ ಕಪಿಲರಿಗೆ ಕಾಪಾಡಲು ಏನೂ ಉಳಿಯುತ್ತಿರಲಿಲ್ಲ. 1979ರ ಮದರಾಸಿನಲ್ಲಿ 255ರಲ್ಲಿ 124. ಅಲ್ಲಿಯೂ ನೂರಕ್ಕೆ ಹತ್ತಿರಹತ್ತಿರ 49. ಆ ವೆಸ್ಟ್ ಇಂಡೀಸ್ ತಂಡದ ದೊಡ್ಡ ಆಟಗಾರರೆಲ್ಲ ಪ್ಯಾಕರನ ಪಂದ್ಯಾವಳಿಗೆ ಹೋಗಿದ್ದರೆಂಬುದನ್ನೂ ಹೇಳಿಬಿಡಬೇಕು, ಮುಚ್ಚಿಡಬಾರದು. ಆದರೂ ಭಾರತ ಗೆದ್ದದ್ದು ಏಳು ವಿಕೆಟ್ ಕಳೆದುಕೊಂಡು, ಏದುಸಿರು ಬಿಟ್ಟು.

1975ರ ಸರಣಿಯ ವಿಚಾರದಲ್ಲಿ ಅಂಥ ರಿಯಾಯಿತಿಯ ಮಾತೇ ಬೇಡ. ಕ್ಲೈವ್ ಲಾಯ್ಡರ ತಂಡ, ಆಂಡಿ ರಾಬರ್ಟ್ಸನ ಬೌಲಿಂಗು. ಮೊದಲ ಎರಡು ಟೆಸ್ಟ್ ಸೋತಾಗಿತ್ತು. ಗಾಯದಿಂದಾಗಿ ಗಾವಸ್ಕರರು ನಡುವಣ ಮೂರು ಟೆಸ್ಟುಗಳಲ್ಲಿ ಇರಲಿಲ್ಲ. ಕಲ್ಕತ್ತೆಯ ಎರಡನೆಯ ಇನ್ನಿಂಗ್ಸಿನಲ್ಲಿ ಭಾರತದ 316ರಲ್ಲಿ ವಿಶ್ವನಾಥರದು 139, ಗೆಲುವು 85 ರನ್ನುಗಳಿಂದ. ಮುಂದಿನದು ಮದರಾಸು. ಮೊದಲ ಇನ್ನಿಂಗ್ಸಿನಲ್ಲಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶ್ವನಾಥ್ ಅಜೇಯ 97. ಉಳಿದ ಹತ್ತು ಮಂದಿಯೂ ಇತರೆ ರನ್ನುಗಳೂ ಕೂಡಿ 93. ಒಬ್ಬನ ಪಾಲು ಅರ್ಧಕ್ಕಿಂತ ಹೆಚ್ಚು! ಕೊನೆಯ ಆಟಗಾರ ನಮ್ಮ ಚಂದ್ರಶೇಖರ್ ಔಟಾದರು, ಮೂರು ರನ್ನು ಉಳಿದುಹೋಯಿತು. ಭಾರತ ಆ ಪಂದ್ಯವನ್ನು ಸರಿಯಾಗಿ 100 ರನ್ನುಗಳಿಂದ ಗೆದ್ದು ಸರಣಿಯನ್ನು 2-2ಕ್ಕೆ ತಂದಿತು. ಐದನೆಯದನ್ನು ಸೋತಿತು, ಆ ಮಾತು ಬೇರೆ. ಇಡೀ ಸರಣಿಯಲ್ಲಿ ವಿಶ್ವನಾಥರು 568 ರನ್ನು ಹೊಡೆದರು, ಸರಾಸರಿ 63.11.

ಈಗ ಹಿಂದಿನ ಲೆಕ್ಕಕ್ಕೆ ಹೋಗಿ ನೋಡಿ. ಆ 97 ನನ್ನ ಪಟ್ಟಿಯಲ್ಲಿ ಎಲ್ಲಿದೆ? ‘ಐವತ್ತು ಮುಟ್ಟಿಯೂ ನೂರು ಮಾಡಲಾರದೆ ಹೋದ’ 35ರಲ್ಲಿ ಒಂದು. ಮದರಾಸಿನಲ್ಲೇ 1982ರಲ್ಲಿ ಇಂಗ್ಲೆಂಡಿನ ಎದುರು ಹೊಡೆದ 222 ಅವರ ಅತ್ಯಧಿಕ. ಯಶಪಾಲ್ ಶರ್ಮರೊಡನೆ 316 ರನ್ನಿನ ಜೊತೆಯಾಟ, ಇಡೀ ಒಂದು ದಿನ ವಿಕೆಟ್ಟೇ ಬೀಳಲಿಲ್ಲ, ಪಂದ್ಯ ಡ್ರಾ. ಅಂಕಿಪುಸ್ತಕದ ಪ್ರಕಾರ 222 ಎಂಬುದು 97ಕ್ಕಿಂತ ಎರಡು ಪಟ್ಟಿಗೂ ಮಿಗಿಲು. ಆ ಎರಡನ್ನೂ ಬಲ್ಲ ಒಬ್ಬನೇ ಒಬ್ಬ ಹಿರಿಯರೂ ನನಗೆ ಹಾಗೆಂದು ಹೇಳಲಿಲ್ಲ.

ಲೆಕ್ಕವೇ ಸುಳ್ಳೆಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಬರುವ ವರ್ಷ ನಾನು ಅರ್ಜಿ ಹಾಕುವ ಕಡೆಯೆಲ್ಲ ಆರು ಸೆಮಿಸ್ಟರುಗಳನ್ನು ಕೂಡಿಸಿ ಭಾಗಿಸಿದ ಒಂದೇ ಒಂದು ಅಂಕಿಯನ್ನು ಕೇಳುತ್ತಾರೆ. ನೂರಾರು ಅರ್ಜಿ ನೋಡುವವರಿಗೆ ಬೇರೆ ಉಪಾಯವಿಲ್ಲ, ಅದೂ ನನಗೆ ಗೊತ್ತು. ತಂದೆಗೆ ಹುಷಾರಿಲ್ಲದೆ ಗದ್ದೆಯ ಕೆಲಸಕ್ಕೆ ನಿಂತ ಸೆಮಿಸ್ಟರು ಯಾವುದು, ಓದಿಗೆ ಬಿಡುವಾಗಿ ಸಿಕ್ಕಿದ್ದು ಯಾವುದು ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಆದರೆ ಅಂಕಿಯನ್ನು ಬಿಟ್ಟುಕೊಟ್ಟರೆ ಉಳಿಯುವುದೇನು? ಊರಿನ ಮಾತು, ಜಾತಿಯ ಮಾತು, ಯಾರ ಕಡೆಯವನೆಂಬ ಮಾತು. ಅದಕ್ಕಿಂತ 41.93 ಎಷ್ಟೋ ವಾಸಿ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಸರಾಸರಿಯ ಜೊತೆಗೇ ಹರಹನ್ನೂ ಬರೆಯಬೇಕೆಂದು ಕಲಿಸುವುದು ಇದಕ್ಕಾಗಿಯೇ ಇರಬೇಕು.

ರಣಜಿಯ ಲೆಕ್ಕ ತೆಗೆದರೆ ಇನ್ನೊಂದು ಲೇಖನವೇ ಆದೀತು, ಎರಡು ಮಾತು ಹೇಳಿ ಬಿಡುತ್ತೇನೆ. 1958-59ರಿಂದ 1972-73ರವರೆಗೆ ಹದಿನೈದು ವರ್ಷ ಎಡೆಬಿಡದೆ ಗೆದ್ದ ಮುಂಬಯಿಯನ್ನು 1973-74ರ ಉಪಾಂತ್ಯದಲ್ಲಿ ಬೆಂಗಳೂರಿನಲ್ಲಿ ತಡೆದದ್ದು ಪ್ರಸನ್ನರ ನಾಯಕತ್ವದ ನಮ್ಮ ತಂಡ. ಅದರಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ವರ್ಷವೇ ಮೊದಲ ರಣಜಿ ಬಹುಮಾನವೂ ಬಂತು. 1977-78ರ ಅಂತಿಮ ಪಂದ್ಯದಲ್ಲಿ ಉತ್ತರ ಪ್ರದೇಶದ ಎದುರು ಅವರು ಹೊಡೆದದ್ದು 247. ಮುಂದೆ ನಮ್ಮ ದಾವಣಗೆರೆಯ ವಿನಯ್ ಕುಮಾರರು 2013-14 ಮತ್ತು 2014-15ರಲ್ಲಿ ನಾಯಕರಾಗಿ ಅದೇ ಬಹುಮಾನ ತಂದರೆಂದು ಇಲ್ಲಿ ನೆನೆಯದಿದ್ದರೆ ಊರಿನವರು ನನ್ನನ್ನು ಬಿಡಲಾರರು.

1971ರಿಂದ ಒಂದನ್ನೂ ತಪ್ಪಿಸದೆ ಸಾಲಾಗಿ 87 ಟೆಸ್ಟ್ ಆಡಿದ ವಿಶ್ವನಾಥರು, ಇಮ್ರಾನ್ ಖಾನ್ 40 ವಿಕೆಟ್ ಕಿತ್ತ 1982-83ರ ಪಾಕಿಸ್ತಾನ ಪ್ರವಾಸದಲ್ಲಿ ಸೋತುಹೋದರು. ಕರಾಚಿಯ ಪಂದ್ಯವೇ ಕೊನೆಯದಾಯಿತು.

ಅಂಕಿಪುಸ್ತಕದಲ್ಲಿ ಇನ್ನೊಂದು ಪುಟ್ಟ ಸಾಲಿದೆ. ನಾಯಕರಾಗಿ ಅವರು ಆಡಿಸಿದ್ದು ಎರಡೇ ಟೆಸ್ಟ್, ಎರಡೂ 1980ರಲ್ಲಿ. ಎರಡನೆಯದು ಭಾರತೀಯ ಕ್ರಿಕೆಟ್ ಮಂಡಲಿಯ ಸುವರ್ಣ ಮಹೋತ್ಸವಕ್ಕಾಗಿ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನ ಎದುರು ನಡೆದದ್ದು. ಇಂಗ್ಲೆಂಡು ಕುಸಿಯುತ್ತಿದ್ದಾಗ ವಿಕೆಟ್ ಕೀಪರ್ ಬಾಬ್ ಟೇಲರ್ ಕ್ಯಾಚಿತ್ತು ಔಟೆಂದು ಅಂಪೈರರು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಗಲಿಲ್ಲವೆಂದು ವಿಶ್ವನಾಥರಿಗೆ ತೋರಿತು. ಅಂಪೈರರ ಬಳಿಗೆ ಹೋಗಿ ಮನವಿಯನ್ನು ಹಿಂತೆಗೆದುಕೊಂಡು ಟೇಲರರನ್ನು ವಾಪಸು ಕರೆದರು. ಟೇಲರ್ 43 ಹೊಡೆದರು, ಬೋಥಮ್ 114. ಇಬ್ಬರ ಜೊತೆಯಾಟ 171. ಇಂಗ್ಲೆಂಡು ಹತ್ತು ವಿಕೆಟ್‌ಗಳಿಂದ ಗೆದ್ದಿತು. ನಾಯಕರ ಪಟ್ಟಿಯಲ್ಲಿ ವಿಶ್ವನಾಥರ ಹೆಸರಿನ ಮುಂದೆ ಹೀಗಿದೆ: ಪಂದ್ಯ 2, ಗೆಲುವು 0, ಸೋಲು 1, ಡ್ರಾ 1.